ಪಾಸ್ಟನ್ ಮನೆತನ: ಎರಡು ಬಾಯಿಮಾತಿನ ಉಯಿಲುಗಳ ನಡುವೆ

ಹದಿನೈದನೆಯ ಶತಮಾನದ ಪತ್ರಗಳಿಂದ ಹೆಸರಾದ ಇಂಗ್ಲೆಂಡಿನ ಪಾಸ್ಟನ್ ಮನೆತನದ ವಂಶವೃಕ್ಷ ಬಿಡಿಸಹೊರಟವರಿಗೆ ಮೊದಲ ತೊಡಕು ಹೆಸರುಗಳದು. ನ್ಯಾಯಾಧೀಶ ವಿಲಿಯಂನ ಹಿರಿಯ ಮಗ ಜಾನ್. ಆ ಜಾನನ ಹಿರಿಯ ಮಗನೂ ಜಾನ್, ಎರಡನೆಯ ಮಗನೂ ಜಾನ್. ಇತಿಹಾಸಕಾರರು ಇವರಿಗೆ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟು ಆ ಗೊಂದಲವನ್ನು ಹೇಗೋ ನಿಭಾಯಿಸಿದ್ದಾರೆ. ಜಮೀನಿನ ಗೊಂದಲ ಅಷ್ಟು ಸುಲಭದ್ದಲ್ಲ.

1419ರಲ್ಲಿ ತೀರಿಕೊಂಡ ಕ್ಲೆಮೆಂಟ್ ಪಾಸ್ಟನ್‌ಗೆ ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಪ್ರಾಂತ್ಯದಲ್ಲಿ, ಪಾಸ್ಟನ್ ಎಂಬ ಹಳ್ಳಿಯಲ್ಲಿ, ನೂರು-ನೂರಿಪ್ಪತ್ತು ಎಕರೆ ಹೊಲವೂ ಸಣ್ಣದೊಂದು ನೀರಿನ ಗಿರಣಿಯೂ ಇದ್ದವು. ಜೀನಿಲ್ಲದ ಕುದುರೆಯ ಮೇಲೆ ಧಾನ್ಯದ ಮೂಟೆ ಹೇರಿ, ಅದರ ಮೇಲೆಯೇ ಕೂತು ಗಿರಣಿಗೆ ಹೋಗುತ್ತಿದ್ದವನು, ಜೀತದ ಕುಲದ ಹೆಣ್ಣನ್ನು ಮದುವೆಯಾದವನು ಎಂದು ಒಂದು ಹಳೆಯ ಬರಹ ಅವನನ್ನು ಚಿತ್ರಿಸುತ್ತದೆ. ಬರೆದವರು ಈ ಮನೆತನಕ್ಕೆ ಆಗದವರು ಎಂಬುದನ್ನು ಮರೆಯುವಂತಿಲ್ಲ. ವಕೀಲನಾಗಿದ್ದ ಭಾವಮೈದನ ನೆರವಿನಿಂದ ಕ್ಲೆಮೆಂಟ್ ಮಗನನ್ನು ಓದಿಸಿದ. ಆ ಮಗ ವಿಲಿಯಂ 1429ರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶನಾದ, ಗ್ರೆಷಮ್ ಮುಂತಾದ ಜಮೀನುಗಳನ್ನು ಕೊಂಡ, ಆಸ್ತಿವಂತರ ಮಗಳು ಆಗ್ನೆಸಳ ಕೈಹಿಡಿದ. ಅವನ ಮಗ ಒಂದನೆಯ ಜಾನ್ 1440ರ ಸುಮಾರಿಗೆ ಮಾಟ್ಬಿ ಮನೆತನದ ಏಕೈಕ ವಾರಸುದಾರಳಾದ ಮಾರ್ಗರೆಟ್‌ಳನ್ನು ಮದುವೆಯಾದ.

1444ರಲ್ಲಿ ವಿಲಿಯಂ ತೀರಿಕೊಂಡಾಗ ಮೊದಲ ಬಿರುಕು ಕಾಣಿಸಿತು. ಕೊನೆಗಾಲದಲ್ಲಿ ಅವನು ಕಿರಿಯ ಮಕ್ಕಳಿಗೆ ಇನ್ನಷ್ಟು ಕೊಡಬೇಕೆಂದು ಬಾಯಿಮಾತಿನಲ್ಲಿ ಹೇಳಿದ್ದನೆಂಬುದು ಆಗ್ನೆಸಳ ವಾದ. ಬರೆದಿಟ್ಟ ಉಯಿಲಿನಲ್ಲಿ ಅದಿಲ್ಲವಲ್ಲ ಎಂಬುದು ಹಿರಿಯ ಮಗ ಜಾನನ ನಿಲುವು. ಈ ನಿಲುವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

1448ರಲ್ಲಿ ಲಾರ್ಡ್ ಮೊಲೀನ್ಸ್ ಎಂಬ ಪ್ರಭು ಗ್ರೆಷಮ್ ತನ್ನದೆಂದು ಸ್ವಾಧೀನಪಡಿಸಿಕೊಂಡ. ಎದುರಾಳಿಗಳು ಬೀಡುಬಿಟ್ಟ ಮನೆಯ ಸಮೀಪದಲ್ಲೇ ಉಳಿದುಕೊಂಡ ಮಾರ್ಗರೆಟ್ ಲಂಡನ್ನಿನಲ್ಲಿದ್ದ ಗಂಡನಿಗೆ ಬರೆಸಿದ ಪತ್ರ ಇಂದಿಗೂ ಉಳಿದಿದೆ. ಇಲ್ಲಿನ ಮನೆಗಳ ಸೂರು ತಗ್ಗು, ಉದ್ದ ಬಿಲ್ಲು ಹಿಡಿದು ಬಾಣ ಬಿಡಲಾಗದು, ಆದ್ದರಿಂದ ಅಡ್ಡಬಿಲ್ಲುಗಳನ್ನು ಕಳಿಸಿ ಎನ್ನುತ್ತಾಳೆ. ಎದುರಾಳಿಗಳು ಗೋಡೆಗಳಲ್ಲಿ ಮೊಣಕಾಲೆತ್ತರಕ್ಕೂ ಬಾರದ ಕಿಂಡಿ ಕೊರೆದಿದ್ದಾರೆಂದು ತಿಳಿಸುತ್ತಾಳೆ. ಅದೇ ಪತ್ರದಲ್ಲಿ ಒಂದು ಪೌಂಡು ಬಾದಾಮಿ, ಒಂದು ಪೌಂಡು ಸಕ್ಕರೆಯನ್ನೂ ಕೇಳುತ್ತಾಳೆ. 1450ರ ಜನವರಿಯಲ್ಲಿ, ಜಾನನ ದೂರಿನ ಪ್ರಕಾರ, ಸಾವಿರ ಜನ ನುಗ್ಗಿ ಅವಳಿದ್ದ ಕೋಣೆಯ ಗೋಡೆಯ ಬುಡ ಅಗೆದು ಅವಳನ್ನು ಹೊರಗೆ ಹೊತ್ತು ಹಾಕಿದರು. ಮುಂದೆ ಜಮೀನು ಮರಳಿತಾದರೂ ಮನೆ ಹಾಳಾಗಿತ್ತು.

ನಿಜವಾದ ಗಂಟು ಬಿದ್ದದ್ದು 1459ರಲ್ಲಿ. ಫ್ರಾನ್ಸಿನ ಯುದ್ಧಗಳಲ್ಲಿ ಹಣ ಮಾಡಿ ಕೇಸ್ಟರ್‌ನಲ್ಲಿ ಇಟ್ಟಿಗೆಯ ಕೋಟೆ ಕಟ್ಟಿಸಿದ್ದ ಸರ್ ಜಾನ್ ಫಾಸ್ಟಾಫ್‌ಗೆ ಮಕ್ಕಳಿರಲಿಲ್ಲ. ನವೆಂಬರ್ 5ರಂದು ಅವನು ಸತ್ತ. ಸಾಯುವ ಎರಡು ದಿನ ಮುಂಚೆ, ಕೇಸ್ಟರ್‌ನಲ್ಲಿ ಏಳು ಸನ್ಯಾಸಿಗಳು, ಏಳು ಬಡವರು ಇರುವಂಥ ಧರ್ಮಸಂಸ್ಥೆ ಸ್ಥಾಪಿಸಿ 4000 ಮಾರ್ಕ್ ಹಣ ಕೊಟ್ಟರೆ ನಾರ್ಫೋಕ್, ಸಫೋಕ್‌ಗಳ ತನ್ನ ಭೂಮಿಯೆಲ್ಲ ಜಾನ್ ಪಾಸ್ಟನ್‌ಗೆ ಎಂದು ಬಾಯಿಮಾತಿನಲ್ಲಿ ಹೇಳಿದನಂತೆ. ಹದಿನೈದು ವರ್ಷ ಮುಂಚೆ ತಾಯಿ ಮುಂದಿಟ್ಟ ಬಾಯಿಮಾತನ್ನು ಒಪ್ಪದಿದ್ದ ಜಾನ್ ಈಗ ಇನ್ನೊಂದು ಬಾಯಿಮಾತನ್ನೇ ಆಧಾರವಾಗಿ ಹಿಡಿದು ನಿಲ್ಲಬೇಕಾಯಿತು.

ದೋಷ ಕಾನೂನಿನಲ್ಲೂ ಇತ್ತು. ಜಮೀನನ್ನು ಉಯಿಲಿನ ಮೂಲಕ ನೇರವಾಗಿ ಕೊಡಲು 1540ರವರೆಗೆ ಅಲ್ಲಿ ಸಾಮಾನ್ಯವಾಗಿ ಅವಕಾಶವಿರಲಿಲ್ಲ. ಆದ್ದರಿಂದ ಭೂಮಾಲೀಕರು ಬದುಕಿರುವಾಗಲೇ ಜಮೀನನ್ನು ನಂಬಿಕಸ್ಥರ ಹೆಸರಿಗೆ ಮಾಡಿ, ತಾವು ಸತ್ತ ಮೇಲೆ ತಮ್ಮ ಇಚ್ಛೆಯಂತೆ ಅದನ್ನು ವಿಲೇವಾರಿ ಮಾಡಲು ಹೇಳಿ ಹೋಗುತ್ತಿದ್ದರು. ನಂಬಿಕಸ್ಥರು ಒಮ್ಮತದಿಂದ ಇರುವವರೆಗೆ ಇದು ನಡೆಯುತ್ತಿತ್ತು. ಫಾಸ್ಟಾಫ್‌ನ ವಿಷಯದಲ್ಲಿ ಅವರು ಎರಡು ಪಾಳಯವಾದರು. 1465ರಲ್ಲಿ, ಫಾಸ್ಟಾಫ್‌ನ ಆಸ್ತಿಯಲ್ಲಿದ್ದ ಹೆಲ್ಸ್‌ಡನ್ ತನ್ನದೆನ್ನುತ್ತಿದ್ದ ಸಫೋಕ್ ಡ್ಯೂಕನ ಜನ ಅಲ್ಲಿನ ಮನೆಯನ್ನು ಕೆಡವಿದರು. ಜಾನ್ ಲಂಡನ್ನಿನ ಫ್ಲೀಟ್ ಸೆರೆಮನೆ ಸೇರಿದ. ಪಾಸ್ಟನ್ನರು ಹುಟ್ಟಿನಿಂದ ಜೀತದಾಳುಗಳೆಂಬ ಹಳೆಯ ಆರೋಪ ಅದೇ ಹೊತ್ತಿಗೆ ಮತ್ತೆ ತಲೆಯೆತ್ತಿತು. ಜೀತದಾಳಿಗೆ ಸ್ವಂತ ಭೂಮಿಯ ಹಕ್ಕಿಲ್ಲವಾದ್ದರಿಂದ, ವಂಶದ ಪ್ರಶ್ನೆ ಇಲ್ಲಿ ಜಮೀನಿನ ಪ್ರಶ್ನೆಯೇ ಆಗಿತ್ತು. ಜಾನ್ 1466ರ ಮೇ ತಿಂಗಳಲ್ಲಿ ಸತ್ತ. ಹಳೆಯ ದಾಖಲೆಗಳನ್ನು ನೋಡಿದ ನಾಲ್ಕನೆಯ ಎಡ್ವರ್ಡ್ ದೊರೆ ಇವರು ಹಳೆಯ ಕುಲೀನರೇ ಎಂದು ಸಾರಿದ್ದು ಅದೇ ಜುಲೈನಲ್ಲಿ. ಆ ದಾಖಲೆಗಳು ಎಷ್ಟು ಹಳೆಯವು ಎಂದು ಅನುಮಾನಿಸುವವರು ಇಂದಿಗೂ ಇದ್ದಾರೆ, ಅನುಮಾನಕ್ಕೆ ಕಾರಣವೂ ಇದೆ.

1468ರಲ್ಲಿ ನಂಬಿಕಸ್ಥರ ಒಂದು ಬಣ ಕೇಸ್ಟರನ್ನು ನಾರ್ಫೋಕ್ ಡ್ಯೂಕನಿಗೆ ಮಾರಿತು. ಮರುವರ್ಷ ಡ್ಯೂಕನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗ ಮೂರನೆಯ ಜಾನ್ ಮೂವತ್ತರ ಆಸುಪಾಸಿನ ಜನರೊಂದಿಗೆ ಕೆಲವು ವಾರ ತಡೆದು, ಸೆಪ್ಟೆಂಬರ್ ಕೊನೆಗೆ ಬಿಟ್ಟುಕೊಟ್ಟ. 1470ರ ರಾಜಿಯಲ್ಲಿ ಫಾಸ್ಟಾಫ್‌ನ ಭೂಮಿಯ ದೊಡ್ಡ ಪಾಲು ನಂಬಿಕಸ್ಥರಲ್ಲೊಬ್ಬನಾದ ಬಿಷಪ್ ವೇನ್‌ಫ್ಲೀಟ್‌ನ ಕೈಸೇರಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗೆ ಹೋಯಿತು. ಪಾಸ್ಟನ್ನರಿಗೆ ಉಳಿದದ್ದು ಮುಖ್ಯವಾಗಿ ಕೇಸ್ಟರ್, ಅದೂ ಡ್ಯೂಕ್ ಗಂಡುಮಕ್ಕಳಿಲ್ಲದೆ ಸತ್ತ 1476ರಲ್ಲಿ. ಮೂರು ವರ್ಷಗಳ ನಂತರ ಎರಡನೆಯ ಜಾನ್ ತೀರಿಕೊಂಡದ್ದೇ ತಡ, ಅಜ್ಜಿ ಆಗ್ನೆಸಳ ಜಮೀನಿಗಾಗಿ ಚಿಕ್ಕಪ್ಪ ವಿಲಿಯಂ (ನ್ಯಾಯಾಧೀಶ ವಿಲಿಯಂನ ಕಿರಿಯ ಮಗ) ದಾಯಾದಿ ವ್ಯಾಜ್ಯ ಹೂಡಿದ. ಮುಂದಿನ ಎರಡೂವರೆ ಶತಮಾನಗಳಲ್ಲಿ ಮನೆತನ ಯಾರ್ಮತ್‌ನ ಅರ್ಲ್ ಪದವಿಗೇರಿ, ಸಾಲದಲ್ಲಿ ಮುಳುಗಿ, 1732ರಲ್ಲಿ ಗಂಡು ಸಂತತಿಯಿಲ್ಲದೆ ಕೊನೆಗೊಂಡಿತು.

ಪತ್ರಗಳು ಉಳಿದದ್ದು ಈ ವ್ಯಾಜ್ಯಗಳ ದೆಸೆಯಿಂದಲೇ ಇರಬೇಕು. ಗಂಡ ಸತ್ತ ವರ್ಷವೇ ಮಾರ್ಗರೆಟ್ ಹಿರಿಯ ಮಗನಿಗೆ ಬರೆದಳು: ಕಷ್ಟಕಾಲದಲ್ಲಿ ನಿನ್ನ ತಂದೆ ಮನೆಯ ಚರಸೊತ್ತಿಗಿಂತ ತನ್ನ ಬರಹ, ದಾಖಲೆಗಳಿಗೇ ಹೆಚ್ಚು ಬೆಲೆ ಕೊಡುತ್ತಿದ್ದರು.