ಬೆಳ್ಳಿಯ ಮರಕ್ಕೆ ತಾಗಿದ್ದು ದೃಷ್ಟಿಯಲ್ಲ, ಗಂಧಕ

ಅಮೆರಿಕದ ಕನೆಕ್ಟಿಕಟ್‌ನಲ್ಲಿದ್ದ ಚಾರ್ಟರ್ ಓಕ್ ಮರ 1856ರ ಬಿರುಗಾಳಿಗೆ ಉರುಳಿತು. 1935ರ ಬೆಳ್ಳಿಯ ಅರ್ಧ ಡಾಲರ್ ಸ್ಮರಣ ನಾಣ್ಯದಲ್ಲಿ ಅದು ಮತ್ತೆ ಎದ್ದು ನಿಂತಿತು. ಅದಕ್ಕೂ ಎಷ್ಟೋ ಮೊದಲು ಬಾಸ್ಟನ್‌ನಲ್ಲಿ ವಿಲೋ, ಓಕ್, ಪೈನ್ ಮರಗಳ ಚಿತ್ರವಿದ್ದ ಷಿಲಿಂಗ್ ಎಂಬ ಬೆಳ್ಳಿ ನಾಣ್ಯ ಟಂಕಿಸುತ್ತಿದ್ದರು. ಎಷ್ಟು ವರ್ಷ ಟಂಕಿಸಿದರೂ ಷಿಲಿಂಗ್ ಮೇಲಿನ ಇಸವಿ ಮಾತ್ರ 1652! ಅದು ಬೇರೆಯೇ ಕಥೆ, ಇರಲಿ.

ಬಾಸ್ಟನ್ನಿನ ಪೈನ್ ಆಗಲಿ, ದೀಪಾವಳಿಗೆಂದು ದಾವಣಗೆರೆಯ ಸರಾಫರ ಹತ್ತಿರ ಕೊಂಡ ಕಲ್ಪವೃಕ್ಷದ ಬೆಳ್ಳಿ ನಾಣ್ಯವಾಗಲಿ, ಕಪ್ಪಾಗುವ ಬಗೆ ಒಂದೇ. ‘ದೃಷ್ಟಿ ತಾಗಿದೆ’ ಎಂದು ನಿವಾಳಿಸುವವರಿದ್ದಾರೆ. ‘ತುಕ್ಕು’ ಎನ್ನುವ ಓದಿದವರದೂ ತಪ್ಪೇ. ಆಮ್ಲಜನಕಕ್ಕೆ ಬೆಳ್ಳಿ ಸುಲಭವಾಗಿ ಬಗ್ಗುವುದಿಲ್ಲ, ಬಗ್ಗುವುದು ಗಂಧಕಕ್ಕೆ. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ಮೊಟ್ಟೆ ಎಲ್ಲದರಲ್ಲೂ ಗಂಧಕವಿದೆ. ಚಳ್ಳಕೆರೆ ಕಡೆಯ ಮನೆಗಳಲ್ಲಿ ಈರುಳ್ಳಿ ಚೀಲವನ್ನೂ ಬೆಳ್ಳಿಯ ಪೆಟ್ಟಿಗೆಯನ್ನೂ ಒಂದೇ ಕೋಣೆಯಲ್ಲಿಟ್ಟರೆ ಅನುಮಾನವೇ ಬೇಡ.

ಬೆಳ್ಳಿ ಒಮ್ಮೆಗೇ ಕಪ್ಪಾಗುವುದಿಲ್ಲ. ಮೊದಲು ಹುಲ್ಲಿನ ಹಳದಿ, ಆಮೇಲೆ ಕೆಂಗಂದು, ನೀಲಿ, ಕೊನೆಗೆ ಕಪ್ಪು. ಬಣ್ಣ ಹಚ್ಚಿದವರು ಯಾರೂ ಇಲ್ಲ. ಬೆಳ್ಳಿಗೆ ಗಂಧಕ ಕೂಡಿ ಆದ ಸಿಲ್ವರ್ ಸಲ್ಫೈಡಿನ ತೆಳು ಪದರದ ಮೇಲಿನಿಂದಲೂ ತಳದಿಂದಲೂ ಬೆಳಕು ಮರಳುತ್ತದೆ, ರಸ್ತೆಯ ಮಳೆನೀರಲ್ಲಿ ಡೀಸೆಲ್ ಹನಿ ಬಿದ್ದಾಗ ಆಗುವಂತೆ, ಸೋಪಿನ ಗುಳ್ಳೆಯಲ್ಲಿ ಆಗುವಂತೆ. ಓಬವ್ವನ ಊರಿನವರಿಗೆ ಹೇಳುವುದಾದರೆ, ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿದ ಹಾಗೆ: ತಾಳ ಕೂಡಿದರೆ ಭತ್ತ ಕುಟ್ಟುತ್ತದೆ, ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಎರಡು ಬೆಳಕಿನ ತಾಳ ಕೂಡಿದ ಬಣ್ಣ ಉಳಿಯುತ್ತದೆ, ತಪ್ಪಿದ್ದು ಅಳಿಯುತ್ತದೆ. ಪದರ ದಪ್ಪವಾದಂತೆ ತಾಳವೂ ಬದಲು.

ಪೂಜೆಯ ನಾಣ್ಯವಾದರೆ ಸ್ಟೀಲ್ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ನಾಣ್ಯ ಅದಕ್ಕೆ ತಾಗುವಂತೆ ಇಡಿ. ಒಂದು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಿಕ್ಕ ಚಮಚ ಉಪ್ಪು ಉದುರಿಸಿ, ಅರ್ಧ ಲೀಟರ್ ಕುದಿನೀರನ್ನು ಮೆಲ್ಲಗೆ ಸುರಿಯಿರಿ, ನೊರೆ ಉಕ್ಕುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಗಂಧಕ ಬಿಡುತ್ತಿದೆ. ಅಲ್ಯೂಮಿನಿಯಂ ಕೊಟ್ಟ ಎಲೆಕ್ಟ್ರಾನಿನಿಂದ ಸಲ್ಫೈಡು ಮತ್ತೆ ಬೆಳ್ಳಿಯಾಗುತ್ತದೆ. ಎರಡು ಮೂರು ನಿಮಿಷ ಸಾಕು. ನಾಣ್ಯ ಫಾಯಿಲ್ಲಿಗೆ ತಾಗದಿದ್ದರೆ ಕಪ್ಪು ಕದಲುವುದಿಲ್ಲ. ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದರೆ ಬೆಳ್ಳಿಯೇ ಸವೆಯುತ್ತದೆ, ಅದೂ ಎಲೆಯ ಉಬ್ಬು ಮೊದಲು.

ಸಂಗ್ರಹದ ನಾಣ್ಯಕ್ಕೆ ಇದ್ಯಾವುದೂ ಬೇಡ. ಆಂಟಿಕ್ ಫಿನಿಶ್ ಇದ್ದರೆ ತೊಗಟೆಯ ಗೆರೆಗಳಲ್ಲಿ ಬೇಕೆಂದೇ ತುಂಬಿದ ಕಪ್ಪೂ ತೊಳೆದುಹೋಗುತ್ತದೆ; ತೊಳೆದ ನಾಣ್ಯಕ್ಕೆ ಬೆಲೆಯೂ ಇಳಿಯುತ್ತದೆ. ಮೆತ್ತನೆಯ ಪಿವಿಸಿ ಕವರಿನಲ್ಲಿಟ್ಟು ಹಸಿರು ಅಂಟು ಕೂತಿದ್ದರೆ ಮಾತ್ರ, ಒಲೆ ದೀಪಗಳಿಂದ ದೂರದಲ್ಲಿ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆದು, ಒರೆಸದೆ ಹಾಗೇ ಆರಲು ಬಿಡಿ.