ಓದುಗರ ಪ್ರಶ್ನೆ: ಇಸ್ಲಾಂನಲ್ಲಿ ಮಂಗಳಮುಖಿಯರಿಗೆ ಜಾಗ ಇದೆಯಾ?

"ಹಾಸನದಲ್ಲಿ ಎಂ.ಎ. ಓದುತ್ತಿದ್ದೇನೆ. ಮೊನ್ನೆ ಕ್ಯಾಂಟೀನ್‌ನಲ್ಲಿ ಮಂಗಳಮುಖಿಯರ ವಿಚಾರ ಬಂತು. ಗೆಳತಿಯೊಬ್ಬಳು 'ನಮ್ಮಲ್ಲಿ ಅದು ಹರಾಮ್, ನಿಷಿದ್ಧ' ಎಂದಳು. ಇನ್ನೊಬ್ಬ 'ಇರಾನ್‌ನಲ್ಲಿ ಆಪರೇಷನ್‌ಗೆ ಸರ್ಕಾರವೇ ಒಪ್ಪಿಗೆ ಕೊಡುತ್ತೆ' ಎಂದ. ಇಬ್ಬರೂ ಮುಸ್ಲಿಮರೇ. ಯಾರ ಮಾತು ಸರಿ?"

ಇಬ್ಬರದ್ದೂ ಅರ್ಧರ್ಧ ಸರಿ. ನಾನು ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವ ತರಗತಿಯಲ್ಲೂ ಈ ಜಗಳ ವರ್ಷಕ್ಕೊಮ್ಮೆ ಆಗಿಯೇ ಆಗುತ್ತದೆ. ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿಕೊಂಡು ಮಾತಾಡುವುದರಿಂದ ಬರುವ ಜಗಳ ಇದು.

ಮೊದಲನೆಯದು, ಹುಟ್ಟುವಾಗಲೇ ದೇಹದಲ್ಲಿ ಗಂಡು ಹೆಣ್ಣು ಎರಡರ ಗುರುತೂ ಇರುವುದು. ಇವರನ್ನು ಖುನ್ಸಾ ಎನ್ನುತ್ತಾರೆ. ಇಂಥವರಿಗೆ ಆಸ್ತಿಯಲ್ಲಿ ಎಷ್ಟು ಪಾಲು, ನಮಾಜಿನಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು ಎಂದೆಲ್ಲ ಹಳೆಯ ಧರ್ಮಶಾಸ್ತ್ರಜ್ಞರು ವಿವರವಾಗಿ ಬರೆದಿದ್ದಾರೆ. ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ನಡುವೆ ನಿಲ್ಲಲಿ ಎಂದರು. ಇಲ್ಲಿ ಹರಾಮ್ ಎಂಬ ಮಾತೇ ಇಲ್ಲ.

ಎರಡನೆಯದು, ದೇಹ ಗಂಡಿನದು, ನಡೆನುಡಿ ಹೆಣ್ಣಿನದು. ಇದಕ್ಕೆ ಮುಖನ್ನಸ್ ಎಂಬ ಪದ ಇದೆ. ಹೆಂಗಸರನ್ನು ಅನುಕರಿಸುವ ಗಂಡಸರನ್ನು ಶಪಿಸುವ ಹದೀಸ್, ಅಂದರೆ ಪ್ರವಾದಿಯವರ ಹೆಸರಿನಲ್ಲಿ ದಾಖಲಾದ ಮಾತು, ಇರುವುದು ನಿಜ. ನಿಮ್ಮ ಗೆಳತಿಯ ಮನಸ್ಸಿನಲ್ಲಿದ್ದದ್ದು ಬಹುಶಃ ಅದೇ. ಆದರೆ 13ನೇ ಶತಮಾನದ ಧರ್ಮಶಾಸ್ತ್ರಜ್ಞ ಇಮಾಮ್ ನವವಿ ಇದರಲ್ಲೂ ಎರಡು ಬಗೆ ಮಾಡಿದರು. ಹುಟ್ಟಿನಿಂದಲೇ ಹಾಗಿದ್ದರೆ ಅದು ಅವರ ತಪ್ಪಲ್ಲ, ಬೇಕೆಂದೇ ಮಾಡಿದರೆ ತಪ್ಪು ಎಂದರು.

ಮೂರನೆಯದು ಆಪರೇಷನ್. ನಿಜವಾದ ಕಗ್ಗಂಟು ಇಲ್ಲಿದೆ.

1988ರಲ್ಲಿ ಈಜಿಪ್ಟಿನ ಅಲ್ ಅಝರ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಒಬ್ಬರು ಆಪರೇಷನ್ ಮಾಡಿಸಿಕೊಂಡು ಹೆಣ್ಣಾದರು. ಅಲ್ಲಿ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ವಿಭಾಗ. ಹುಡುಗರ ವಿಭಾಗ ಹೊರಗೆ ಹಾಕಿತು. ಹುಡುಗಿಯರ ವಿಭಾಗ ಒಳಗೆ ಬಿಟ್ಟುಕೊಳ್ಳಲಿಲ್ಲ. ವಿಷಯ ದೊಡ್ಡದಾಗಿ, ಆಗ ಈಜಿಪ್ಟಿನ ಮುಫ್ತಿ, ಅಂದರೆ ಮುಖ್ಯ ಧರ್ಮಾಧಿಕಾರಿಯಾಗಿದ್ದ ಮುಹಮ್ಮದ್ ಸಯ್ಯಿದ್ ತಂತಾವಿ ಫತ್ವಾ (ಧಾರ್ಮಿಕ ಅಭಿಪ್ರಾಯ) ಕೊಟ್ಟರು. ದೇಹದೊಳಗೆ ಅಡಗಿದ್ದ ಹೆಣ್ತನವನ್ನೋ ಗಂಡುತನವನ್ನೋ ಹೊರತರಲು ಆಪರೇಷನ್ ಮಾಡಬಹುದು, ಬರೀ ಆಸೆಗೆ ಮಾಡಬಾರದು ಎಂಬುದು ಅದರ ಸಾರ. ಓದಿದವರೆಲ್ಲ ತಮ್ಮ ಪರವಾಗಿದೆ ಎಂದೇ ಖುಷಿಪಟ್ಟರು! 'ಅಡಗಿದ್ದದ್ದು' ದೇಹದಲ್ಲೋ ಮನಸ್ಸಿನಲ್ಲೋ? ಅದನ್ನು ಫತ್ವಾ ಬಿಡಿಸಿ ಹೇಳಿರಲಿಲ್ಲ.

ಇರಾನ್ ದಾರಿ ಬೇರೆ. ಅಲ್ಲಿನ ಸರ್ವೋಚ್ಚ ನಾಯಕ ಅಯಾತೊಲ್ಲಾ ಖೊಮೇನಿ 1980ರ ದಶಕದಲ್ಲಿ ಆಪರೇಷನ್‌ಗೆ ಒಪ್ಪಿಗೆ ಕೊಟ್ಟರು. ಆದರೆ ಸುಮ್ನೆ ಹೊಗಳಬೇಡಿ. ಸಲಿಂಗ ಸಂಬಂಧಕ್ಕೆ ಮರಣದಂಡನೆಯವರೆಗೂ ಶಿಕ್ಷೆ ಇರುವ ದೇಶ ಅದು. ಬೇಡದವರ ಮೇಲೂ ಆಪರೇಷನ್‌ಗೆ ಒತ್ತಡ ಬೀಳುತ್ತದೆ. ಪಾಕಿಸ್ತಾನದಲ್ಲಿ ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು 2018ರ ಕಾನೂನು ಕೊಟ್ಟಿತು. 2023ರಲ್ಲಿ ಅಲ್ಲಿನ ಶರೀಯತ್ ನ್ಯಾಯಾಲಯ ಆ ಭಾಗ ಧರ್ಮಕ್ಕೆ ವಿರುದ್ಧ ಎಂದಿತು.

ನಡುವೆ ಒಂದು ಮಾತು. ನಮ್ಮ ಹುಡುಗರು ಗೆಳೆಯನನ್ನು ರೇಗಿಸುವಾಗ 'ಲೇ ಖೋಜಾ' ಅಂತಾರಲ್ವಾ, ಅದು ಪರ್ಷಿಯನ್ ಭಾಷೆಯ 'ಖ್ವಾಜಾ'. ಒಡೆಯ ಎಂದರ್ಥ. ಅಜ್ಮೀರಿನ ಸೂಫಿ ಸಂತ ಖ್ವಾಜಾ ಗರೀಬ್ ನವಾಜ್ ಹೆಸರಿನಲ್ಲಿರುವುದೂ ಅದೇ ಪದ. ಮೊಗಲರ ಜನಾನಾ (ರಾಣಿವಾಸ) ನೋಡಿಕೊಳ್ಳುತ್ತಿದ್ದ ಖ್ವಾಜಾಸರಾ ಎಂಬ ನಪುಂಸಕ ಅಧಿಕಾರಿಗಳಿಗೆ ದರ್ಬಾರಿನಲ್ಲಿ ಮರ್ಯಾದೆ ಇತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಹಿಜ್ರಾಗಳನ್ನು ಪೊಲೀಸರ ಪಟ್ಟಿಗೆ ಸೇರಿಸಿದರು. ಒಡೆಯ ಎಂಬ ಪದ ಬೈಗುಳವಾಗಿ ನಮ್ಮ ಬಾಯಲ್ಲಿ ಉಳಿದಿದೆ.

ಇದನ್ನು ತರಗತಿಯಲ್ಲಿ ಹೇಳಿದರೆ ಹಿಂದೂ ಮಕ್ಕಳೂ ಬೆರಗಾಗುತ್ತಾರೆ. 'ನಮ್ಮಲ್ಲಿ ಅರ್ಧನಾರೀಶ್ವರ ಇದ್ದಾನೆ, ಅವರಲ್ಲಿ ಏನೂ ಇಲ್ಲ' ಎಂದು ಅವರು ನಂಬಿರುತ್ತಾರೆ. ಹಿಂದೂವಾಗಿ ಹುಟ್ಟಿದ ಎಷ್ಟೋ ಹಿಜ್ರಾಗಳು ಗುರುವಿನ ಮನೆಯಲ್ಲಿ ಮುಸ್ಲಿಂ ರೀತಿ ರಿವಾಜು ಪಾಲಿಸುತ್ತಾರೆ, ಅಜ್ಮೀರಿನ ಉರುಸಿಗೂ ಹೋಗುತ್ತಾರೆ. ಅರಸೀಕೆರೆ ಕಡೆ ಹೋಗುವ ರೈಲಿನಲ್ಲಿ ಮಂಗಳಮುಖಿಯೊಬ್ಬರು ಬುರ್ಖಾ ಹಾಕಿದ ಹುಡುಗಿಯ ತಲೆ ಮುಟ್ಟಿ ದುವಾ ಕೊಟ್ಟಿದ್ದನ್ನು ಕಂಡಿದ್ದೇನೆ. ಹಿಂದಿನ ಸೀಟಿನ ಅಜ್ಜಿಗೂ ಅದೇ ಕೈ, ಬಾಯಲ್ಲಿ ಮಾತ್ರ 'ತಾಯಿ ಎಲ್ಲಮ್ಮ ಕಾಪಾಡ್ಲಿ'.

ಇನ್ನು ಹಾಸನದ ಮಟ್ಟಿಗೆ ಫತ್ವಾ ಏನೇ ಇರಲಿ, ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಇವರನ್ನು ತೃತೀಯ ಲಿಂಗಿಗಳೆಂದು ಒಪ್ಪಿದೆ. ರಾಜ್ಯ ಸರ್ಕಾರಿ ನೌಕರಿಯಲ್ಲಿ 2021ರಿಂದ ಶೇಕಡಾ 1ರಷ್ಟು ಮೀಸಲಾತಿ ಇದೆ.

ಹೋದ ವರ್ಷ ನನ್ನ ತರಗತಿಯಲ್ಲಿ ಎಲ್ಲರೂ, ಯಾವ ಜಾತಿ ಧರ್ಮದವರೂ ಬಿಡದೆ, 'ಪಾಪ ಮೇಡಂ, ಅವರೂ ಮನುಷ್ಯರೇ' ಎಂದರು. ನಾನು ಅಲ್ ಅಝರ್ ಕತೆ ಹೇಳಿ, "ಸರಿ, ನಾಳೆ ಅಂಥವರೊಬ್ಬರು ಇಲ್ಲಿ ಸೇರಿದರೆ ಯಾವ ಹಾಸ್ಟೆಲ್‌ಗೆ ಕಳಿಸೋಣ?" ಎಂದೆ. ಹುಡುಗರು ಹುಡುಗಿಯರ ಬೆಂಚು ನೋಡಿದರು. ಹುಡುಗಿಯರು ಹುಡುಗರ ಬೆಂಚು ನೋಡಿದರು. ಕೊನೆಗೆ ಹಿಂದಿನಿಂದ ಒಂದು ದನಿ ಬಂತು: "ಅದನ್ನ ವಾರ್ಡನ್ ಹತ್ರ ಕೇಳ್ಬೇಕು ಮೇಡಂ."