ಜೋಮಾಲೆಯನ್ನು ಜೋಮಾಲೆ ಎಂದೇ ಕೇಳಿ

ಮದುವೆಯ ದಿನಗಳಲ್ಲಿ ಮಡಿಕೇರಿಯ ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳು ಮೊಬೈಲ್ ಚಾಚಿ ‘ಕೂರ್ಗಿ ಸೆಟ್ ಬೇಕು’ ಎನ್ನುತ್ತಾರೆ. ಕೊಡವರ ಒಡವೆಗಳಿಗೆಲ್ಲ ಅವರಿಗೆ ಇದೊಂದೇ ಹೆಸರು. ಚಿತ್ರದಲ್ಲಿ ಕೊಕ್ಕೆತಾತಿ ಇರಬಹುದು, ಪತ್ತಾಕ್ ಇರಬಹುದು. ಕೊಕ್ಕೆತಾತಿ ಅರ್ಧಚಂದ್ರದಂಥ ಪದಕ, ಅಂಚಿನುದ್ದಕ್ಕೂ ಸಣ್ಣ ಮುತ್ತುಗಳು. ಪತ್ತಾಕ್‌ನಲ್ಲಿ ಚಿನ್ನದ ನಾಣ್ಯ, ಅದರ ಮೇಲೆ ನಾಗನ ಹೆಡೆ, ಕೆಂಪು ಕಲ್ಲು. ಮದುವೆಯಲ್ಲಿ ತಾಯಿಯೇ ಮಗಳ ಕೊರಳಿಗೆ ಕಟ್ಟುವ ಒಡವೆ ಅದು. ಎರಡನ್ನೂ ಒಂದೇ ‘ಸೆಟ್’ ಎಂದರೆ ಏನನ್ನು ಮಾಡಿಕೊಡಲಿ?

ಗಂಡಸರ ಪೀಚೆಕತ್ತಿ, ಒಡಿಕತ್ತಿಗಳ ಹೆಸರಿಗೆ ಈ ಗತಿ ಬಂದಿಲ್ಲ. ಮುಂದೆ ಚೇಲೆಗೆ, ಅಂದರೆ ಸೊಂಟಪಟ್ಟಿಗೆ, ಸಿಕ್ಕಿಸುವುದು ಪೀಚೆಕತ್ತಿ, ಬೆನ್ನಿನ ತೋಡಂಗ್ ಎಂಬ ಕೊಕ್ಕೆಗೆ ಹೋಗುವುದು ಒಡಿಕತ್ತಿ ಎಂದು ಮಕ್ಕಳಿಗೂ ಗೊತ್ತು.

ಹೆಸರಿನ ಹಿಂದೆ ಕೆಲಸವಿರುತ್ತದೆ. ಕಳೆದ ವರ್ಷ ಅಜ್ಜಿಯೊಬ್ಬರು ಮೊಮ್ಮಗಳೊಂದಿಗೆ ಬಂದು, ಕರವಸ್ತ್ರದ ಗಂಟು ಬಿಚ್ಚಿ, ಕಪ್ಪು ದಾರದಲ್ಲಿ ಚಿನ್ನದ ಗುಂಡುಗಳನ್ನು ಪೋಣಿಸಿದ ಜೋಮಾಲೆಯನ್ನು ಮೇಜಿನ ಮೇಲಿಟ್ಟರು. ಒಂದು ಗುಂಡು ಸೀಳಿ, ಒಳಗಿನ ಕಂದು ಬಣ್ಣ ಕಾಣುತ್ತಿತ್ತು. ಹುಡುಗಿಯ ಮುಖ ಬಾಡಿತು.

‘ಇದು ಚಿನ್ನವಲ್ಲವೇ?’

‘ಮೇಲಿರುವುದು ಚಿನ್ನವೇ ಅಮ್ಮ. ಒಳಗಿರುವುದು ಅರಗು. ಜೋಮಾಲೆ ಇರುವುದೇ ಹಾಗೆ’ ಎಂದೆ.

ತೆಳು ತಗಡಿನ ಪೊಳ್ಳು ಗುಂಡು ಬೆರಳಿನ ಒತ್ತಿಗೂ ತಗ್ಗು ಬೀಳುತ್ತದೆ. ಅದಕ್ಕಾಗಿಯೇ ಒಳಗೆ ಅರಗು ತುಂಬುತ್ತಾರೆ. ಸೀಳಿದ ಗುಂಡಿಗೆ ನೇರವಾಗಿ ಬೆಂಕಿ ಹಿಡಿದರೆ ಅರಗು ಕರಗಿ ಹೊರಗೆ ಹರಿಯುತ್ತದೆ. ಮೊದಲು ಅದನ್ನು ಪೂರ್ತಿ ತೆಗೆದು, ಬೆಸುಗೆ ಹಾಕಿ, ಮತ್ತೆ ತುಂಬಬೇಕು. ಅವಸರದ ಕೆಲಸ ಇದಲ್ಲ.

ಹೊಸದಾಗಿ ಕೊಳ್ಳುವಾಗ ಈ ಅರಗಿನ ಲೆಕ್ಕ ಕೇಳಿ. ನಮ್ಮಲ್ಲಿ ಪವನ್ ಎಂದರೆ 8 ಗ್ರಾಂ. ‘ನೈನ್ ಒನ್ ಸಿಕ್ಸ್’ ಎಂದರೆ 22 ಕ್ಯಾರೆಟ್, ಅಂದರೆ ಲೋಹದಲ್ಲಿ ಶೇ 91.6 ಅಪ್ಪಟ ಚಿನ್ನ. ಆ ಮಾತು ತಗಡಿಗೆ ಮಾತ್ರ ಸಲ್ಲುತ್ತದೆ. ತಕ್ಕಡಿಗೆ ಅರಗೂ ತೂಗುತ್ತದೆ, ದಾರವೂ ತೂಗುತ್ತದೆ. ಬಿಲ್ಲಿನಲ್ಲಿ ಒಟ್ಟು ತೂಕದ ಪಕ್ಕದಲ್ಲಿ ಚಿನ್ನದ ನಿವ್ವಳ ತೂಕವನ್ನು ಬೇರೆ ಬರೆಸಿಕೊಳ್ಳಿ. ಮಜೂರಿ, ವೇಸ್ಟೇಜ್‌ಗಳನ್ನೂ ಬಿಡಿಬಿಡಿಯಾಗಿ ಬರೆಸಿ. ‘ಸೆಟ್’ ಎಂಬ ಒಂದೇ ಸಾಲಿನ ಬಿಲ್ಲಿಗೆ ಒಪ್ಪಬೇಡಿ.

ಅಜ್ಜಿಯ ಮಾಲೆ ಸಿದ್ಧವಾದಾಗ ಒಯ್ಯಲು ಬಂದವಳು ಮೊಮ್ಮಗಳು. ‘ನಮ್ಮ ಜೋಮಾಲೆ ಆಯಿತೇ?’ ಎಂದು ಬಾಗಿಲಲ್ಲೇ ಕೇಳಿದಳು.